ದೀಪ ಮುಟ್ಟದ ಅಳಿಯ

"ಏನಯ್ಯ ಅಳೀಮಯ್ಯ, ಮೊಟ್ಟೆ ಒಡ್ದ ಕೈಯ ತೊಳ್ಕಂಡು ಬಂದ್ಯೋ, ಅಂಗೇ ಬಂದ್ಬುಟ್ಯೋ?"

ಜಗುಲಿಯ ಮೇಲೆ ಕೂತಿದ್ದ ನೆಂಟರಿಷ್ಟರೆಲ್ಲ ಗೊಳ್ಳೆಂದು ನಕ್ಕರು. ಭೀಮನ ಅಮಾವಾಸ್ಯೆಗೆಂದು ಮೊದಲ ಸಲ ಅತ್ತೆಮನೆಗೆ ಬಂದ ಅಳಿಯ ತಮ್ಮಯ್ಯನಿಗೆ ಕಾಲು ತೊಳೆಯಲು ನೀರು ಬರುವ ಮೊದಲೇ ಅತ್ತೆ ದೊಡ್ಡತಾಯಮ್ಮನ ಈ ಮಾತು ಬಂದಿತ್ತು. ತಮ್ಮಯ್ಯ ಎದೆಗೆ ಅವುಚಿಕೊಂಡಿದ್ದ ತಗಡಿನ ತಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಕೋಪ ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ... ಆಷಾಢಕ್ಕೆಂದು ತವರಿಗೆ ಕರೆತಂದ ಮಗಳನ್ನು ಈ ಹೆಂಗಸು ಇವತ್ತು ತನ್ನ ಜೊತೆ ಕಳಿಸುತ್ತಾಳೋ ಇಲ್ಲವೋ?

ಶಾಂತಿಗ್ರಾಮದಲ್ಲಿ ಗದ್ದೆ, ತೆಂಗಿನ ತೋಟವಿದ್ದ ಮನೆ ಅದು. ಮಾವ ನಂಜಪ್ಪ ಹುಡುಗನ ನಡತೆ ಮೆಚ್ಚಿ ಮಗಳು ಪ್ರೇಮಕುಮಾರಿಯನ್ನು ಕೊಟ್ಟಿದ್ದ. ಓದು ಅರ್ಧಕ್ಕೆ ಬಿಟ್ಟು ಹಾಸನದ ಬೇಕರಿಯಲ್ಲಿ ಒಲೆ ಉರಿಸುವವನಿಗೆ ಮಗಳನ್ನು ಕೊಟ್ಟದ್ದು ದೊಡ್ಡತಾಯಮ್ಮನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು.

ಕಾಫಿತೋಟದ ದೊರೆಗಳಿಗೆಂದು ಆ ಬೇಕರಿಯಲ್ಲಿ ಟಾರ್ಟ್ ಎಂಬ ತಿಂಡಿ ಮಾಡುತ್ತಿದ್ದರು. ಗರಿಗರಿ ಹಿಟ್ಟಿನ ಬಟ್ಟಲು, ಅದರೊಳಗೆ ಹಣ್ಣು. ಮದುವೆಯ ಹೊಸತರಲ್ಲಿ ಒಂದು ಚೂರು ತಿಂದ ಪ್ರೇಮಕುಮಾರಿ, "ಭೀಮನ ಅಮಾಸೆಗೆ ಇದ್ನೇ ತನ್ನಿ. ಇಬ್ರೂವೆ ಒಂದೇ ತಟ್ಟೇಲಿ ತಿನ್ನಾಣ" ಎಂದಿದ್ದಳು. ತಿಂಗಳಿಡೀ ಆ ಮಾತನ್ನೇ ಮೆಲುಕು ಹಾಕುತ್ತಿದ್ದವನಿಗೆ ಸಂತೆಗೆ ಬಂದ ಮಾವ ಹೇಳಿದ್ದ: "ಮನೇಲಿ ಹಸ ಈದದೆ ಕಣಪ್ಪ. ಮೀಸಲು ಕಟ್ಟೀವಿ. ಮನೆದೇವ್ರಿಗೆ ಒಪ್ಪಿಸೋಗಂಟ ಹಾಲು, ಮೊಸ್ರು, ಬೆಣ್ಣೆ, ತುಪ್ಪ ಯಾರೂ ಬಾಯಿಗಿಕ್ಕಂಗಿಲ್ಲ. ಮೊಟ್ಟೆ ಅಂತೂ ಹೊಸ್ತಿಲು ದಾಟಂಗಿಲ್ಲ."

ಬೆಣ್ಣೆಯಿಲ್ಲದೆ, ಮೊಟ್ಟೆಯಿಲ್ಲದೆ ಟಾರ್ಟ್! ಬೇಕರಿಯವರೆಲ್ಲ ನಕ್ಕರು. ತಮ್ಮಯ್ಯ ನಗಲಿಲ್ಲ. ತಟ್ಟೆಗೆ ಹುಣಸೆಹಣ್ಣು, ಬೂದಿ ಹಾಕಿ ತನ್ನ ಮುಖ ಕಾಣುವ ತನಕ ಉಜ್ಜಿದ. ಮೈದಾಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ನಾದಿದ. ಕೈಯ ಕಾವಿಗೆ ಹಿಟ್ಟು ಸಡಿಲವಾಗಿ, ಬೆಂದ ಬಟ್ಟಲು ಪುಡಿಪುಡಿಯಾಯಿತು. ಬಾವಿಯ ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಮತ್ತೆ ನಾದಿದ. ಹಲಸಿನ ತೊಳೆ, ಪಚ್ಚಬಾಳೆ, ಕಡೆಗಾಲದ ಮಾವಿನಹಣ್ಣನ್ನು ಬೆಲ್ಲ ಹಾಕಿ ಗಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿ ತುಂಬಿದ. ಹೊಳಪಿಗೆಂದು ಮೇಲೆ ಬೆಲ್ಲದ ಪಾಕ ಬಳಿಯಬೇಕಿತ್ತು. ಬೇಕರಿಯ ಕುಂಚ ಮೊಟ್ಟೆಯಲ್ಲಿ ಅದ್ದಿದ್ದು. ಅದನ್ನು ಮುಟ್ಟದೆ ತೆಂಗಿನ ನಾರಿನಲ್ಲಿ ತಾನೇ ಹೊಸ ಕುಂಚ ಕಟ್ಟಿದ.

ಪೂಜೆ ಮುಗಿಯಿತು. ಗಂಡನ ಪಾದಕ್ಕೆ ಹೂವಿಟ್ಟು ಎದ್ದ ಪ್ರೇಮಕುಮಾರಿ ಹಿತ್ತಲ ಹುಣಸೆಮರದ ಕೆಳಗೆ ತಟ್ಟೆ ತಂದಿಟ್ಟಳು. ಅವನು ಮುರಿದು ಕೊಟ್ಟ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯದೆ ಹಾಗೇ ಕೂತಳು. ಕಣ್ಣು ತುಂಬಿ ಬಂತು...

"ಯಾಕಮ್ಮಿ, ಚೆಂದಾಗಿಲ್ವ?"

"ಚೆಂದಾಗದೆ. ಅದ್ಕೇ ಅಳು ಬತ್ತದೆ. ನೀವು ಇಷ್ಟು ಮಡಿಯಾಗಿ ಮಾಡ್ಕಂಡು ಬಂದಿದೀರಿ... ನಾನೇ ಮೀಸಲು ಕೆಡಿಸ್ಬುಟ್ಟೆ ಕಣ್ರೀ."

ತಮ್ಮಯ್ಯನ ಕೈ ನಿಂತಿತು.

"ನಂಗೆ ಮುಟ್ಟು ನಿಂತದೆ. ಅವ್ವಂಗೂ ಇನ್ನೂ ಏಳಿಲ್ಲ, ನಿಮ್ಗೇ ಮೊದ್ಲು ಏಳಾಣ ಅಂತಿದ್ದೆ. ಗಿಣ್ಣುಹಾಲಿನ ಮೇಲೆ ಅದೇನು ಆಸೆ ಬಂತೋ... ನೆನ್ನೆ ಹಾಲು ಕರೆದಿಟ್ಟಿದ್ರು, ಯಾರೂ ಇರ್ಲಿಲ್ಲ. ಚೊಂಬು ಎತ್ತಿ ಕುಡ್ದುಬುಟ್ಟೆ. ಈಗ ಏನಾಯ್ತದೋ ಅಂತ ಎದೆ ನಡುಗ್ತದೆ. ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ?"

ಮಗುವಿನ ಸುದ್ದಿಯ ಸಂತೋಷ ಅವನ ಎದೆಗೆ ಬಂದು ಮುಟ್ಟುವ ಮೊದಲೇ ಅವಳ ಹೆದರಿಕೆ ಬಂದು ಮುಟ್ಟಿತು. "ಬಸುರಿ ಬಯಕೆಗೆ ದೇವ್ರು ಮುನಿಯಲ್ಲ, ತಿನ್ನು" ಎಂದ. ಅಷ್ಟರಲ್ಲಿ ಕೊಟ್ಟಿಗೆಯಿಂದ ಚೀರಾಟ ಕೇಳಿಸಿತು.

ಕರು ಕಾಲು ಸೆಟೆದು ಬಿದ್ದಿತ್ತು. ಬಾಯಲ್ಲಿ ನೊರೆ. ತಾಯಿಹಸು ಹಗ್ಗ ಜಗ್ಗಿ ಜಗ್ಗಿ ಅರಚುತ್ತಿತ್ತು. "ಮೀಸಲು ಮುರಿದದೆ" ಎಂದು ಯಾರೋ ಪಿಸುಗುಟ್ಟಿದರು. ಆ ಒಂದು ಮಾತಿಗೆ ನೆರೆದವರ ಮುಖವೆಲ್ಲ ಬೂದಿಯಾಯಿತು. ದೊಡ್ಡತಾಯಮ್ಮ ಸುತ್ತ ನೋಡಿದಳು. ಹುಣಸೆಮರದ ಕೆಳಗೆ ಅರ್ಧ ತಿಂದ ಟಾರ್ಟ್ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ನೋಡ್ರಪ್ಪ ಆ ಹೊಳಪ. ಮೊಟ್ಟೆ ಬಳೀದೆ ಅಂಗೆ ಹೊಳೀತದಾ? ನಮ್ಮನೆ ಹಾಳು ಮಾಡಕ್ಕೇ ತಂದವ್ನೆ."

"ಸುಮ್ನಿರೇ" ಎಂದ ನಂಜಪ್ಪ ಒಳಗೆ ಹೋಗಿ ದೇವರ ಮುಂದಿನ ದೀಪವನ್ನು ತಂದು ಹೊಸ್ತಿಲ ಮೇಲಿಟ್ಟ. "ತಮ್ಮಯ್ಯ, ದೀಪ ಮುಟ್ಟಿ ಏಳ್ಬುಡು. ನಾ ಮೀಸಲು ಮುರಿದಿಲ್ಲ ಅಂತ. ನಿನ್ ಮಾತ ನಾನು ನಂಬ್ತೀನಿ."

ತಮ್ಮಯ್ಯ ಒಂದು ಹೆಜ್ಜೆ ಮುಂದಿಟ್ಟ. ನಾರಿನ ಕುಂಚದ ಕತೆ ನಾಲಿಗೆಯ ತುದಿಗೆ ಬಂದಿತ್ತು.

"ಅವ್ನು ಮುಟ್ಟಿದ್ ಮೇಲೆ ಮನೆಯೋರೆಲ್ಲ ಮುಟ್ಲಿ" ಎಂದಳು ದೊಡ್ಡತಾಯಮ್ಮ. "ಒಬ್ರಾದ್ ಮೇಲೆ ಒಬ್ರು. ಮುರಿದೋರು ಯಾರೇ ಆಗ್ಲಿ, ಈ ದೀಪ ಅವ್ರ ವಂಸಾನೇ ಸುಡ್ತದೆ."

ಪ್ರೇಮಕುಮಾರಿ ಕಂಬಕ್ಕೆ ಒರಗಿದಳು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ದೀಪ ಮುಟ್ಟಿದರೆ ಸುಳ್ಳು ಆಣೆ, ಮುಟ್ಟದಿದ್ದರೆ ಊರ ಮುಂದೆ ಮನೆ ಕೆಡಿಸಿದವಳು... ಆ ಭಯಕ್ಕೇ ಇವಳು ಸತ್ತಾಳು. ತಮ್ಮಯ್ಯ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ತಾನು ಮುಟ್ಟದಿದ್ದರೆ ತಪ್ಪು ತನ್ನದೇ ಎಂದಾಗಿ ದೀಪ ಇಲ್ಲಿಗೇ ನಿಲ್ಲುತ್ತದೆ, ಅವಳವರೆಗೆ ಹೋಗುವುದಿಲ್ಲ.

"ಅಪ್ಪಯ್ಯ, ಅವರಲ್ಲ..." ಪ್ರೇಮಕುಮಾರಿಯ ತುಟಿ ಅದುರಿತು. ಅವನು ಅವಳನ್ನೇ ನೋಡಿ, ಬೇಡ ಎಂದು ತಲೆಯಾಡಿಸಿದ.

"ಏಳಪ್ಪ" ಎಂದು ನಂಜಪ್ಪ ಬೇಡಿದ. "ಒಂದು ಮಾತ ಏಳು."

"ಏನು ಏಳಾನು, ಕಳ್ಳ" ಎಂದಳು ದೊಡ್ಡತಾಯಮ್ಮ. "ದೀಪ ಮುಟ್ದೆ ಓದ್ಯೋ, ನನ್ ಮಗ್ಳು ನಿನ್ನ ಹಿಂದೆ ಬರಲ್ಲ. ತಿಳ್ಕೊ."

ತಮ್ಮಯ್ಯ ಮೆಟ್ಟು ಹಾಕಿಕೊಂಡ. ಸಂಜೆ ಇಬ್ಬರೂ ಕೂಡಿ ಹಾಸನದ ಬಸ್ಸು ಹತ್ತಬೇಕೆಂದು ಬಂದವನು ಒಬ್ಬನೇ ಅಂಗಳ ದಾಟಿದ. ಬೆನ್ನ ಹಿಂದೆ ನೆಂಟರ ಉಗುಳಿನ ಸದ್ದು. ಆಮೇಲೆ, ಓಡಿ ಬಂದು ಬೇಲಿಯ ಹತ್ತಿರ ನಿಂತ ಬಳೆಗಳ ಸದ್ದು.

"ಏನ್ರೀ... ತಟ್ಟೆ ಬುಟ್ಟೋಯ್ತಿದೀರಿ." ಪ್ರೇಮಕುಮಾರಿ ಕೂಗಿ ಹೇಳಿದಳು. "ಬೆಳಗಿ ಮಡಿಕ್ಕಂಡಿರ್ತೀನಿ. ನಾನೇ ತತ್ತೀನಿ, ಕೇಳುಸ್ತಾ?"

ಕೇಳಿಸಿತು. ತಿರುಗಿದರೆ ಬಾಯಿಬಿಟ್ಟು ಎಲ್ಲವನ್ನೂ ಹೇಳಿಬಿಡುತ್ತೇನೆಂದು ಹೆದರಿ, ತಮ್ಮಯ್ಯ ರಸ್ತೆಯ ಕಡೆಗೆ ನಡೆದ.