ಗೋಡೆಯಾಚೆಯ ಮೂರು ದನಿ

ಪಕ್ಕದಂಗಡಿಯ ಬಡಗಿ ಹೊಲಿಗೆಯವಳನ್ನು ಮೊದಲು ಕೇಳಿದ್ದು ಇಲಾಸ್ಟಿಕ್. ಆಮೇಲೆ ಸ್ವೆಟರ್ ಹೆಣೆಯುವ ಕಡ್ಡಿ, ಕೋಟಿನ ಉಣ್ಣೆ ಬಟ್ಟೆಯ ಚೂರು, ಖಾಲಿ ದಾರದ ರೀಲುಗಳು. ಕೊನೆಗೆ, ಬಟ್ಟೆಯ ಮೇಲೆ ದುಂಡಗೆ ಗೀಟು ಹಾಕಲು ಅವಳು ಇಟ್ಟುಕೊಂಡಿದ್ದ ಅಪ್ಪನ ಕಾಲದ ಗ್ರಾಮಫೋನ್ ತಟ್ಟೆಯನ್ನೂ "ಸ್ಟೂಲಿನ ಅಳತೆಗೆ" ಎಂದು ಒಯ್ದ.

ಹೊಲಿಗೆಯವಳು ಎಲ್ಲವನ್ನೂ ಕೊಟ್ಟಳು. ಕೊಡುವಾಗ ಅವನ ಕಣ್ಣು ನೋಡಿದಳು. ಅದು ಕತ್ತರಿಯ ಮೇಲೆ, ಟೇಪಿನ ಮೇಲೆ, ಅವಳನ್ನೊಬ್ಬಳನ್ನು ಬಿಟ್ಟು ಎಲ್ಲದರ ಮೇಲೂ ಓಡಾಡಿತು.

ಮದುವೆಯಾಗುತ್ತಾಳಾ ಎಂದು ಅವಳ ಅಕ್ಕನ ಮೂಲಕ ಕೇಳಿಸಿದವನು ಇವನೇ. ಶನಿವಾರ ಅವಳು ಉತ್ತರ ಹೇಳಬೇಕಿತ್ತು. ಬುಧವಾರ, ಎರಡು ಅಂಗಡಿಗಳ ನಡುವಿನ ಹಲಗೆ ಗೋಡೆಯಾಚೆಯಿಂದ ಹೆಣ್ಣು ದನಿ ಕೇಳಿತು.

"ಬಾ, ಹತ್ತಿರ ಬಂದು ಕೂತ್ಕೋ."

ಚಿಕ್ಕ ಹುಡುಗಿಯ ದನಿ. ಗುರುವಾರ ಅದೇ ಮಾತು, ದನಿ ಮಾತ್ರ ದಪ್ಪ, ನೆಗಡಿಯಾದವಳ ಹಾಗೆ. ಶುಕ್ರವಾರದವಳು ಮಾತುಮಾತಿಗೂ ಬಿಕ್ಕುತ್ತಿದ್ದಳು.

"ಮೂವರು ಕಣೇ ಅಕ್ಕಾ."

"ಒಬ್ಬಳು ಅಂದಿದ್ರೆ ನಂಬ್ತಿದ್ದೆ," ಎಂದಳು ಅಕ್ಕ, ಗುಂಡಿ ಹಚ್ಚುತ್ತಲೇ. "ಆ ಮುಖಕ್ಕೆ ಮೂವರು ಸ್ವಲ್ಪ ಜಾಸ್ತಿ ಆಯ್ತು. ಹೋಗಿ ನೋಡು."

ಅವಳು ಹೋಗಿ ತಟ್ಟಿದಾಗ ಬಡಗಿ ಬಾಗಿಲನ್ನು ಒಂದು ಗೇಣು ತೆಗೆದ.

"ಒಳಗೆ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ಬಾಗಿಲು ಯಾಕೆ ಹಾಕ್ಕೊಂಡಿದೀರಿ?"

"ಧೂಳು..."

"ಬಡಗಿಗೆ ಯಾವತ್ತಿಂದ ಧೂಳು ಆಗದೆ ಹೋಯ್ತು?"

ಅವಳು ಅವನನ್ನು ಸರಿಸಿಕೊಂಡೇ ಒಳಗೆ ಹೋದಳು. ಯಾರೂ ಇರಲಿಲ್ಲ. ಹಳೇ ಬಾಗಿಲಿನ ಹಲಗೆಯೊಂದಿತ್ತು, ಅದಕ್ಕೆ ಅರ್ಧ ಕೊಯ್ದ ರಬ್ಬರ್ ಚೆಂಡುಗಳೇ ಕಾಲು. ಮೇಲೆ ತರಕಾರಿ ಹೆಚ್ಚುವ ದುಂಡು ಮಣೆ, ಮಣೆಯ ಮೇಲೆ ಅವಳ ಕೋಟಿನ ಬಟ್ಟೆ. ಮುರಿದ ಫ್ಯಾನಿನ ಮೋಟಾರಿಗೆ ಸಿಕ್ಕಿಸಿದ ರೀಲಿನಿಂದ ಮಣೆಯವರೆಗೆ ಅವಳ ಇಲಾಸ್ಟಿಕ್. ಕಾಗದದ ಕೊಂಬು ಹೊತ್ತ ಅವಳ ಹೆಣಿಗೆ ಕಡ್ಡಿಯ ತುದಿಯ ಮುಳ್ಳಿನ ಕೆಳಗೆ ಅಪ್ಪನ ತಟ್ಟೆ ತಿರುಗುತ್ತಿತ್ತು. ತಟ್ಟೆಯೊಳಗಿನ ಹೆಂಗಸು ಬಿಕ್ಕುತ್ತಿದ್ದಳು.

"ದೊಡ್ಡ ರೀಲು ಹಾಕಿದ್ರೆ ಓಡ್ತಾಳೆ, ಹುಡುಗಿ ದನಿ; ಚಿಕ್ಕದು ಹಾಕಿದ್ರೆ ತೂಕಡಿಸ್ತಾಳೆ, ದಪ್ಪ ದನಿ," ಎಂದ ಅವನು, ತಲೆ ತಗ್ಗಿಸಿ. "ಇವತ್ತು ರೀಲೇನೋ ಸರಿಹೋಯ್ತು, ಅಳೋಕೆ ಶುರು ಮಾಡಿದ್ಲು."

ಅವಳು ತಟ್ಟೆಯತ್ತ ಬೆರಳು ಮಾಡಿದಳು.

"ನೀವೇ ಹೇಳಿದ್ರಲ್ಲ, ಅಪ್ಪ ನಿಮಗೆ ಅಂತ ಕಥೆ ತಟ್ಟೆ ತಂದ್ರು, ಹಾಕೋ ಪೆಟ್ಟಿಗೆ ತರೋಕೆ ಅವರಿಗೆ ಆಯಸ್ಸೇ ಇರಲಿಲ್ಲ ಅಂತ. ಶನಿವಾರದೊಳಗೆ ಕೇಳಿಸೋಣ ಅಂದ್ಕೊಂಡೆ."

ಅನುಮಾನ ಅಷ್ಟು ಸುಲಭಕ್ಕೆ ಹೋಗುವುದಲ್ಲ. ಅವಳು ಬಗ್ಗಿ, ತಿರುಗುವ ಇಲಾಸ್ಟಿಕ್ಕನ್ನೇ ದಿಟ್ಟಿಸಿದಳು.

"ಇದಕ್ಕೆ ಗಂಟು ಹಾಕಿದ್ದು ಯಾರು?"

"ನಾನೇ. ನಿನ್ನೆ ಕಿತ್ತುಹೋಯ್ತು."

"ಗಂಟು ರೀಲಿಗೆ ಬಂದಾಗೆಲ್ಲ ಎಗರುತ್ತೆ. ಅವಳನ್ನ ಅಳಿಸ್ತಿರೋರು ನೀವೇ."

ಅವನು ಮೋಟಾರು ನಿಲ್ಲಿಸಿದ, ಅವಳು ಗಂಟು ಕತ್ತರಿಸಿದಳು. ತುದಿಗೆ ತುದಿ ಸೇರಿಸಿ, ಒಂದರ ಮೇಲೊಂದು ಏರದಂತೆ ಒತ್ತೊತ್ತಾಗಿ ಹೊಲಿದಳು. ಅವನು ಮತ್ತೆ ಮೋಟಾರು ಓಡಿಸಿ ಮುಳ್ಳನ್ನು ಮೆಲ್ಲಗೆ ಇಳಿಸಿದ. ಅದನ್ನೂ ಅವಳು ಬಿಡದೆ ನೋಡಿದಳು.

"ಬಾ," ಎಂದಿತು ದನಿ. ಹುಡುಗಿಯದಲ್ಲ, ನೆಗಡಿಯದಲ್ಲ, ಮನೆತುಂಬ ಮಕ್ಕಳನ್ನು ಸಾಕಿದ ತಾಯಿಯದು. "ಹತ್ತಿರ ಬಂದು ಕೂತ್ಕೋ."

ಅಲ್ಲಿದ್ದ ಒಂದೇ ಬೆಂಚಿನ ಮೇಲೆ ಅವಳು ಕುಳಿತಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ನಾಳೆ ಶನಿವಾರ," ಎಂದ ಅವನು, ನಿಂತೇ.

ಅವಳು ಬೆಂಚಿನ ತುದಿಗೆ ಸರಿದಳು.

"ಕೇಳಿಸ್ಲಿಲ್ವಾ? ಆಯಮ್ಮ ನಿಮಗೂ ಹೇಳಿದ್ದು."