ಕೊಕ್ಕಿನ ಮೇಲೆ ಲಿಪ್‌ಸ್ಟಿಕ್

ಆ ಸೋಮವಾರವೂ ಹುಂಜದ ಕೊಕ್ಕಿನ ಮೇಲೆ ಲಿಪ್‌ಸ್ಟಿಕ್ ಇತ್ತು.

ಕಾಲೇಜಿನ ಕ್ರೀಡಾ ತಂಡದ ಲೋಗೋ ಹುಂಜ. ಪಂದ್ಯದ ದಿನ ಆ ಕಾಲೇಜಿನ ಹುಡುಗನೊಬ್ಬ ಆಳೆತ್ತರದ ಹುಂಜದ ವೇಷ ಹಾಕಿಕೊಂಡು ಮೈದಾನದ ತುಂಬಾ ಕುಣಿಯುತ್ತಾನೆ. ಆ ವೇಷ ಹೊಲಿದವಳು ನಾನು. ಪಂದ್ಯ ಮುಗಿದು ಸೋಮವಾರ ಅವನು ಅದನ್ನು ತಂದಾಗ ಹರಿದದ್ದನ್ನು ಸರಿಮಾಡಿ, ಕೊಳೆ ತೆಗೆದು ಕೊಡುವವಳೂ ನಾನೇ. ಹಾಗಾಗಿ ಅವನನ್ನು ಯಾರು ಹೇಗೆ ಅಪ್ಪಿಕೊಂಡರು ಅಂತ ನನಗೆ ಬೇಡವೆಂದರೂ ಗೊತ್ತಾಗುತ್ತದೆ. ಬೆನ್ನಿನ ಗರಿ ಮುದುಡಿದ್ದರೆ ಹಿಂದಿನಿಂದ. ಕತ್ತಿನ ಹೊಲಿಗೆ ಬಿಟ್ಟಿದ್ದರೆ ಜೋತುಬಿದ್ದು. ಕೊಕ್ಕಿನ ವಿಷಯ ಬಿಡಿ.

ಬಟ್ಟೆಯ ಚೂರೊಂದನ್ನು ಸೋಪಿನ ನೀರಿಗೆ ಅದ್ದಿ ಕೊಕ್ಕು ಉಜ್ಜತೊಡಗಿದೆ.

"ಮೆಲ್ಲಗೆ," ಅಂದ ಅವನು, ಕಟಿಂಗ್ ಟೇಬಲ್ಲಿಗೆ ಮೊಣಕೈ ಊರಿ. "ನೋವಾಗುತ್ತೆ."

"ಬಟ್ಟೆ ಕೋಳಿಗೆ ಎಂಥ ನೋವು?"

"ಒಳಗಿರೋನಿಗೆ?"

ನಾನು ಇನ್ನೂ ಜೋರಾಗಿ ಉಜ್ಜಿದೆ. ನಗುವಾಗ ಅವನ ಬಲಗಣ್ಣು ಎಡಗಣ್ಣಿಗಿಂತ ಸಣ್ಣದಾಗುತ್ತದೆ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೋ.

ಮೊದಲು ಅವನು ಹರ್ಡಲ್ಸ್ ಓಡುತ್ತಿದ್ದ. ಮಂಡಿ ಕೈಕೊಟ್ಟಿತು. "ಓಡೋಕಾಗದಿದ್ರೆ ಕುಣಿ," ಅಂತ ಕೋಚ್ ಹುಂಜದೊಳಗೆ ಹಾಕಿದರು. ಎರಡೇ ನಿಯಮ: ಹುಂಜದ ತಲೆ ತೆಗೆಯಬಾರದು, ಒಳಗಿನಿಂದ ಮಾತಾಡಬಾರದು. ಹುಂಜ ಮನುಷ್ಯರ ಹಾಗೆ ಮಾತಾಡಿದರೆ ನೋಡಲು ಬಂದ ಮಕ್ಕಳಿಗೆ ಮಜಾ ಹೋಗುತ್ತದಂತೆ.

ನಮ್ಮ ಅಂಗಡಿಯ ಗೋಡೆಗೆ ಚಿಕ್ಕಮ್ಮ ಕಾಲೇಜಿನ ಹಳೇ ಬ್ಯಾಡ್ಜುಗಳನ್ನೆಲ್ಲ ಸಾಲಾಗಿ ಚುಚ್ಚಿಟ್ಟಿದ್ದಾಳೆ. ಮೊದಲಿನದು ಬರೀ ವೃತ್ತ, ಒಳಗೆ ಎರಡು ಅಕ್ಷರ. ಆಮೇಲೆ ಪಂಜು. ಅದನ್ನು ಎಲ್ಲರೂ ಐಸ್‌ಕ್ರೀಮ್ ಅಂದರು. ಆಮೇಲೆ ಹುಂಜ ಬಂತು, ಆದರೆ ಪಾರಿವಾಳದಂತಿತ್ತು. ಎದುರಾಳಿ ಹೆದರಬೇಕು ಅಂತ ಕೋಚ್ ಅದಕ್ಕೆ ಹಲ್ಲು ಇಡಿಸಿದರು. "ಹಲ್ಲಿರೋ ಕೋಳಿ ಎಲ್ಲಿ ನೋಡಿದೀರಿ ಸಾರ್?" ಅಂತ ಚಿಕ್ಕಮ್ಮ ಕೇಳಿದ ಮೇಲೆ ಹಲ್ಲು ಹೋಯಿತು, ಕೆಂಪು ಜುಟ್ಟು ದೊಡ್ಡದಾಯಿತು. ಆ ಜುಟ್ಟಿನ ಹುಂಜವೇ ವೇಷವಾಗಿ ಅವನನ್ನು ನಮ್ಮ ಅಂಗಡಿಗೆ ಕರೆತಂದದ್ದು.

ಕೊಕ್ಕು ಇನ್ನೂ ಒಣಗಿರಲಿಲ್ಲ, ಅವಳು ಬಂದಳು. ರಿಲೇ ತಂಡದ ಕ್ಯಾಪ್ಟನ್. ಉದ್ದ ಕಾಲು, ಉದ್ದ ಜಡೆ. ತುಟಿಗೆ ನಾನು ಈಗಷ್ಟೇ ಉಜ್ಜಿ ತೆಗೆದ ಬಣ್ಣ.

"ಲೋ ಹುಂಜ, ಇಲ್ಲಿದೀಯಾ!" ಅಂತ ಅವನ ಹೆಗಲ ಮೇಲೆ ಕೈ ಹಾಕಿ, ನನ್ನ ಕಡೆ ಮೊಬೈಲ್ ಚಾಚಿದಳು. "ಟೈಲರಕ್ಕಾ, ಹೊಸ ಲೋಗೋ ನೋಡಿ."

ಅಕ್ಕ. ಅವಳು ನನಗಿಂತ ಒಂದು ವರ್ಷ ದೊಡ್ಡವಳೇ ಇರಬೇಕು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮಿಷನ್ ಮುಂದೆ ಕೂತವಳು. ಮಿಷನ್ ಮುಂದೆ ಕೂತವರು ಬೇಗ ಅಕ್ಕ ಆಗುತ್ತಾರೆ.

ಮೊಬೈಲಿನಲ್ಲಿ ಮೂರು ಓರೆ ಗೆರೆಗಳಿದ್ದವು.

"ಹುಂಜ ಎಲ್ಲಿ?" ಅಂತ ಕೇಳಿದ ಅವನು.

"ಇಲ್ಲ ಕಣೋ. ಇದು ಸ್ಪೀಡು. ಶನಿವಾರದ ಪಂದ್ಯವೇ ಹುಂಜಕ್ಕೆ ಕೊನೇದು."

"ನನ್ನನ್ನ ಒಂದು ಮಾತು ಕೇಳಲಿಲ್ಲ."

"ಕೋಳಿನ ಕೇಳಿ ಖಾರ ಅರೀತಾರೇನಪ್ಪಾ?" ಅಂದಳು ಚಿಕ್ಕಮ್ಮ ಒಳಗಿನಿಂದ.

ಅವನು ನಗಲಿಲ್ಲ. "ಹಾಗಾದ್ರೆ ಇನ್ನು ಸೋಮವಾರ ನಂಗೇನು ಕೆಲಸ?" ಅಂದ. ನನ್ನನ್ನು ನೋಡಿಯೇ ಅಂದ. ನಾನು ಒರೆಸಿದ ಕೊಕ್ಕನ್ನೇ ಮತ್ತೊಮ್ಮೆ ಒರೆಸಿದೆ.

"ಕ್ಯಾಂಟೀನಿಗೆ ಬಾ, ನಾವಿರ್ತೀವಿ," ಅಂದಳು ಅವಳು, ಹೊರಡುತ್ತಾ.

ಅವಳ ಸ್ಕೂಟರಿನ ಸದ್ದು ದೂರವಾದ ಮೇಲೆ ನಾನು ಹೇಳಿದೆ, "ಕೊಕ್ಕಿನ ಮೇಲೆ ಅವಳದೇ ಬಣ್ಣ."

"ಹೌದಾ?" ನಿಜವಾಗಿಯೂ ಆಶ್ಚರ್ಯಪಟ್ಟ. "ನಂಗೆ ಹೇಗೆ ಗೊತ್ತಾಗ್ಬೇಕು? ಕೊಕ್ಕಿನ ಕೆಳಗೆ ಒಂದು ಸಣ್ಣ ಜಾಲರಿ ಇಟ್ಟಿದೀಯಲ್ಲ, ಅದ್ರಲ್ಲಿ ಕಾಣೋದು ಬರೀ ಕಾಲು. ಊರಿನ ಚಪ್ಪಲಿ ಶೂ ಎಲ್ಲಾ ನಂಗೆ ಪರಿಚಯ." ಬಾಗಿಲ ಹತ್ತಿರ ಹೋಗಿ ನಿಂತ. "ನಿನ್ನ ಚಪ್ಪಲಿ ಮಾತ್ರ ಒಂದಿನಾನೂ ಮೈದಾನಕ್ಕೆ ಬರ್ಲಿಲ್ಲ."

ಅವನು ಹೋದ ಮೇಲೆ ನಾನು ಹುಂಜದ ಎದೆಯ ಹೊಲಿಗೆ ಬಿಚ್ಚಿದೆ. ಪ್ರತಿ ಗರಿಯ ತುದಿಗೂ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸ್ ಇಟ್ಟು ಹೊಲಿದೆ. ಅಪ್ಪಿಕೊಂಡವರಿಗೆ ಚುಚ್ಚಲಿ ಅಂತ.

ಚಿಕ್ಕಮ್ಮ ಬೆರಳಿನಿಂದ ಒತ್ತಿ ನೋಡಿದಳು. "ಗಂಡನಿಗೋಸ್ಕರ ಹೊಟ್ಟೆ ಉರ್ಕೊಂಡೋರನ್ನ ನೋಡಿದೀನಮ್ಮ. ಕೋಳಿಗೋಸ್ಕರ ಉರ್ಕೊಂಡೋಳು ನೀನೇ ಮೊದಲು."

ಶನಿವಾರ ಹೋದೆ. ಚಿಕ್ಕಮ್ಮನ ಹೊಸ ಚಪ್ಪಲಿ ಕಾಲಿಗೆ ಹಾಕಿ, ಮತ್ತೆ ಬಿಚ್ಚಿಟ್ಟು, ನನ್ನದನ್ನೇ ಮೆಟ್ಟಿಕೊಂಡೆ. ಗುಂಪಿನ ಕೊನೆಯಲ್ಲಿ, ನಲ್ಲಿಯ ಪಕ್ಕ, ಬೇಲಿಗೆ ಒರಗಿ ನಿಂತೆ.

ರಿಲೇ ನಮ್ಮವರೇ ಗೆದ್ದರು. ಅವಳು ಓಡಿ ಬಂದು ಹುಂಜವನ್ನು ತಬ್ಬಿದಳು. "ಅಯ್ಯೋ, ಚುಚ್ಚುತ್ತೆ ಕಣೋ," ಅಂತ ಅಷ್ಟೇ ಬೇಗ ಬಿಟ್ಟಳು. ನನ್ನ ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು.

ಆಮೇಲೆ ಹುಂಜ ಕುಣಿಯಲಿಲ್ಲ. ತಲೆ ಬಗ್ಗಿಸಿಕೊಂಡು ಬೇಲಿಯ ಉದ್ದಕ್ಕೂ ನಡೆದು ಬಂತು. ಒಂದೊಂದು ಜೊತೆ ಕಾಲಿನ ಮುಂದೆಯೂ ನಿಲ್ಲುವುದು, ನೋಡುವುದು, ಮುಂದೆ ಹೋಗುವುದು. "ಕಾಳು ಹೆಕ್ತಿದೆ ನೋಡ್ರೋ," ಅಂತ ಯಾರೋ ನಗಾಡಿದರು.

ನನ್ನ ಮುಂದೆ ಬಂದು ನಿಂತಿತು. ನನ್ನ ಚಪ್ಪಲಿಗೆ ಯಾವಾಗಲೂ ಅಂಟಿಕೊಂಡಿರುವ ದಾರದ ತುಂಡುಗಳನ್ನು ನೋಡಿತು. ಅಲ್ಲಿಂದ ಕದಲಲಿಲ್ಲ.

ಅಂಗಡಿಯಲ್ಲಾದರೆ ಅವನು ಮಾತಾಡುತ್ತಾನೆ, ನಾನು ಸುಮ್ಮನಿರುತ್ತೇನೆ. ಇಲ್ಲಿ ಅವನು ಮಾತಾಡುವ ಹಾಗಿಲ್ಲ. ಯಾರಾದರೂ ಒಬ್ಬರು ಮಾತಾಡಬೇಕಲ್ಲ.

"ಸೋಮವಾರ ಬಾ," ಅಂದೆ.

ಜುಟ್ಟು ಒಂದು ಕಡೆ ವಾಲಿತು. ಯಾಕೆ ಅಂತ.

"ಕೆಲಸ ಏನಿಲ್ಲ. ಸುಮ್ನೆ ಬಾ. ಕ್ಯಾಂಟೀನಿಗೆ ಹೋಗ್ಬೇಡ."

ಜುಟ್ಟು ಮೇಲೆ ಕೆಳಗೆ ಆಡಿತು. ಆದರೂ ಹುಂಜ ನಿಂತೇ ಇತ್ತು, ಇನ್ನೂ ಏನೋ ಬಾಕಿ ಇದೆ ಅನ್ನುವಂತೆ. ಬಾಕಿ ಇದ್ದದ್ದೂ ನಿಜ.

"ನಿನ್ನನ್ನ ಬೇರೆಯವರು ಮುಟ್ಟಿದ್ರೆ ನಂಗೆ ಆಗಲ್ಲ," ಅಂದೆ. "ನಂಗೆ ನೀನು ಬೇಕು."

ರೆಕ್ಕೆಗಳು ನಿಧಾನವಾಗಿ ಅಗಲವಾದವು. ನಾನು ಮುಂದೆ ಹೋದೆ. ನಾನೇ ಇಟ್ಟ ಕ್ಯಾನ್ವಾಸ್ ನನ್ನ ಕೆನ್ನೆಗೇ ಚುಚ್ಚಿತು. ನಾನು ಬಿಡಲಿಲ್ಲ. ಒಳಗೆ ಅವನು ನಗುತ್ತಿದ್ದ. ಸದ್ದಿಲ್ಲ, ಗರಿಗಳೆಲ್ಲ ಅಲುಗುತ್ತಿದ್ದವು ಅಷ್ಟೇ. ಆಮೇಲೆ ಕೊಕ್ಕು ಬಗ್ಗಿ ನನ್ನ ಮುಖದ ಹತ್ತಿರ ಬಂತು.

ನಾನು ಲಿಪ್‌ಸ್ಟಿಕ್ ಹಚ್ಚುವವಳಲ್ಲ. ಹಾಗಾಗಿ ಮರುಸೋಮವಾರ ಅವನು ಬಂದಾಗ ಕೊಕ್ಕಿನ ಮೇಲೆ ಒರೆಸಲು ಏನೂ ಇರಲಿಲ್ಲ.