ಅವ್ವನ ಸಾಲು

"ಬಗ್ಗು! ಬಗ್ಗಿ ನೋಡೇ ಇವನ್ನ!" ಎಂದವಳೇ ಚಿಕ್ಕಗೌರಮ್ಮ ಮೊರ ತುಂಬ ತಂದಿದ್ದನ್ನು ನಡುಮನೆಯ ನೆಲಕ್ಕೆ ಸುರಿದುಬಿಟ್ಟಳು. ಅಡಿಕೆ ಗಾತ್ರದವು, ನಿಂಬೆಹಣ್ಣಿನ ಗಾತ್ರದವು, ಮುಷ್ಟಿ ಗಾತ್ರದವು... ಗೊನೆಯಲ್ಲಿ ನಿಲ್ಲಲಾರದೆ ಉದುರಿದ ತೆಂಗಿನ ಹರಳುಗಳು! ಉರುಳಿಕೊಂಡು ಬಂದು ಸೊಸೆ ಆಶಾಳ ಕಾಲ ಬಳಿ ನಿಂತವು. ರೊಟ್ಟಿ ತಟ್ಟುತ್ತಿದ್ದ ಆಶಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದಳು. ಈ ದಿನ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಇವತ್ತೇ ಬರಬೇಕಿತ್ತೇ!

"ಇವು ನನ್ನ ಸಾಲಿನವು ಕಣೇ. ಎರಡು ದಿನದಿಂದ ಗರಿ ಬೀಳೋ ಸದ್ದು ಜಾಸ್ತಿಯಾಯ್ತಲ್ಲ ಅಂತ ಅನುಮಾನ ಬಂದು, ತಡವರಿಸ್ಕೊಂಡು ಹೋಗಿ ನೋಡಿದ್ರೆ ಎಲ್ಲಾ ಮರದ ಬುಡದಾಗೂ ಇವೇ! ಪಾತಿಗೆ ಕೈಯಿಟ್ಟೆ, ಕಾದ ಹೆಂಚಿನಂಗೈತೆ. ನನ್ನ ಮರ ನೀರು ಕಂಡು ಎಷ್ಟು ದಿನ ಆಯ್ತು, ಬಾಯಿ ಬುಡು!"

ಆಶಾ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಏನೆಂದು ಹೇಳುವುದು? ಮುಚ್ಚಿಟ್ಟಿದ್ದು ಒಂದು ದಿನದ ಮಾತಾಗಿದ್ದರೆ ಏನಾದರೂ ನೆವ ಹೇಳಬಹುದಿತ್ತು!

ಹೊನ್ನವಳ್ಳಿಯ ಆಚೆಗಿದ್ದ ಆ ಊರಿನಲ್ಲಿ ಚಿಕ್ಕಗೌರಮ್ಮ ಬೀದಿಯಲ್ಲಿ ಬಂದರೆ ಗಂಡಸರು ಸೇದುತ್ತಿದ್ದ ಬೀಡಿ ಹಿಂದಕ್ಕೆ ಅಡಗಿಸುತ್ತಿದ್ದರು. ಅಂಥ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟ ಮೂರು ಪಾಲಾಯಿತು. ಹಿರಿಮಗ ಗಂಗಾಧರನಿಗೊಂದು, ಕಿರಿಮಗ ಭೀಮರಾಜುವಿಗೊಂದು, ನಡುವಿನ ಇಪ್ಪತ್ತೊಂದು ಮರ ಅವ್ವನಿಗೆ. ಬದುಕಿರುವಷ್ಟು ದಿನ ಅವಳ ಅನ್ನ ಅವಳ ಮರದಿಂದಲೇ ಬರಲಿ ಎಂದು ಹಿರಿಯರು ಕೂತು ಮಾಡಿದ ಏರ್ಪಾಡು. ಮದುವೆಯಾಗಿ ಬಂದ ವರ್ಷ ಕೆರೆಯಿಂದ ಗಡಿಗೆ ಹೊತ್ತು ತಂದು ಅವಳೇ ನಿಲ್ಲಿಸಿದ ಮರಗಳು ಅವು. ಕಿರಿಮಗನ ಮನೆಯಲ್ಲೇ ಇದ್ದರೂ ಪಕ್ಕದ ಕೋಣೆಯಲ್ಲಿ ಅವಳದೇ ಒಲೆ, ಅವಳದೇ ಪಾತ್ರೆ. ತನ್ನ ಕೊಬ್ಬರಿ ತಿಪಟೂರಿಗೆ ಕಳಿಸಿ, ತನ್ನ ರಾಗಿ ತಾನು ತರಿಸಿ, ತನ್ನ ಮುದ್ದೆ ತಾನೇ ತಿರುವಿ ಉಣ್ಣುತ್ತಿದ್ದಳು. "ಒಂದು ಹರಳು ಉಪ್ಪಿಗೂ ಸೊಸೇರ ಮುಂದೆ ಕೈಯೊಡ್ಡೋಳಲ್ಲ ನಾನು" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವಳಿಗೆ ಹೊತ್ತು ಮುಳುಗುತ್ತಿರಲಿಲ್ಲ.

ಪಾಲು ಮೂರಾದರೂ ಬೋರು ಒಂದೇ. ಹಾಗಾಗಿ ನೀರಿಗೆ ಪಾಳಿ: ಒಂದು ದಿನ ಭೀಮರಾಜುವಿನದು, ಮರುದಿನ ಗಂಗಾಧರನದು, ಮೂರನೆಯ ದಿನ ಅವ್ವನದು. ಈ ವರ್ಷ ಆ ಬೋರೂ ಬಳಲಿತ್ತು. ಒಂದೂವರೆ ಗಂಟೆ ಹೊಡೆದರೆ ಸಾಕು, ಗಾಳಿ ಕಕ್ಕುತ್ತಿತ್ತು.

ಭೀಮರಾಜು ಪಂಚಾಯಿತಿಯ ನೀರುಗಂಟಿ. ಊರ ನಲ್ಲಿಗಳಿಗೆ ನೀರು ಬಿಡುವುದೇ ಅವನ ಕೆಲಸ. ಸಂಕ್ರಾಂತಿ ಕಳೆದು ಊರ ಬೋರು ಬತ್ತಿದಾಗ, ಗಂಡ ಹೆಂಡತಿ ಮಾತಾಡಿಕೊಂಡು, ತೋಟದ ಬೋರಿನಿಂದ ಊರವರು ನೀರು ಹಿಡಿಯುವ ತೊಂಬೆಗೆ ಕರಿ ಪೈಪು ಎಳೆದು ತಮ್ಮ ಪಾಳಿಯ ನೀರನ್ನು ಊರಿಗೇ ಕೊಟ್ಟುಬಿಟ್ಟರು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವರ ಮರಗಳು ಆಗಲೇ ಗರಿ ಜೋಲು ಬಿಟ್ಟಿದ್ದವು. ಆದರೆ ಮೂರು ದಿನಕ್ಕೊಮ್ಮೆ ಒಂದು ತೊಂಬೆ ನೀರು ಅರವತ್ತು ಮನೆಗೆ ಎಲ್ಲಿ ಸಾಕು? ಬಿಂದಿಗೆಗೆ ಬಿಂದಿಗೆ ಬಡಿದು ಹೆಂಗಸರು ಜುಟ್ಟು ಹಿಡಿದುಕೊಳ್ಳುವ ತನಕ ಬಂತು. ಅವ್ವನಿಗೋ ಕಣ್ಣಿಗೆ ಪೊರೆ. ಮರದ ಬುಡ ಮಸುಕು ಮಸುಕಾಗಿ ಕಂಡರೂ ತಲೆ ಕಾಣದು. ನೀರು ಯಾವ ಕಡೆ ಹೋಗಬೇಕೆಂದು ತಿರುಗಿಸುವ ಗೇಟ್‌ವಾಲ್‌ನ ಕೀಯನ್ನು ಅವಳು ನಂಬಿ ಕೊಟ್ಟಿದ್ದು ಆಶಾಳ ಕೈಗೆ. ಶಿವರಾತ್ರಿಯ ಹಿಂದೆಮುಂದೆ, ಅವ್ವ ಒಪ್ಪಿದ್ದಾಳೆಂದು ಗಂಡನಿಗೂ ಸುಳ್ಳು ಹೇಳಿ, ಆಶಾ ಅವ್ವನ ಪಾಳಿಯ ನೀರನ್ನೂ ಊರಿಗೆ ತಿರುಗಿಸಿದಳು. ಒಂದೇ ಒಂದು ಸಲ ಎಂದುಕೊಂಡಳು. ಎರಡು ತಿಂಗಳಾಯಿತು! ಮೊದಲೇ ನುಸಿಪೀಡೆಯಿಂದ ಸೊರಗಿದ್ದ ಮರಗಳು. "ನನ್ನ ಸಾಲು ಹೆಂಗೈತೇ?" ಎಂದು ಮುದುಕಿ ಕೇಳಿದಾಗಲೆಲ್ಲ "ಹಸುರಾಗೈತೆ ಅತ್ತೆ" ಎಂದು ನಾಲಿಗೆ ಸುಳ್ಳು ಹೇಳುತ್ತಿತ್ತು.

ಇವತ್ತು ಅವ್ವನ ಪಾಳಿ. ತೊಂಬೆಯಲ್ಲಿ ತಳದ ಕೆಸರು ಬಿಟ್ಟರೆ ಬೇರೇನಿಲ್ಲ. ನಿನ್ನೆ ನೀರಿಲ್ಲದೆ ಯಾರದೋ ಕೃಷಿಹೊಂಡದ ಹಸಿರು ನೀರು ಸೋಸಿ ಕುಡಿದವರಿಗೆ ವಾಂತಿಭೇದಿ ಹಿಡಿದಿತ್ತು. ಅದೇ ಊರಿನ ನಿಂಗಮ್ಮನ ಮಗಳು ಚೈತ್ರ, ಒಂಬತ್ತು ದಿನದ ಬಾಣಂತಿ, ತಿಪಟೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಟ್ಯಾಂಕರ್ ಕಳಿಸಿ ಎಂದು ಬೇಡಿಕೊಳ್ಳಲು ಬೆಳಗ್ಗೆಯೇ ಹೋಗಿದ್ದ ಭೀಮರಾಜು ಈಗ ತಾನೇ ಫೋನ್ ಮಾಡಿದ್ದ. "ನಾಳಿದ್ದು ಅಂತವ್ರೆ ಕಣೇ... ಇವತ್ತು ಹೆಂಗಾದ್ರೂ ಮಾಡು."

ಹೆಂಗಾದರೂ ಅಂದರೆ ಹೇಗೆ? ಹತ್ತು ಗಂಟೆಗೆ ಕರೆಂಟು ಬರುತ್ತದೆ. ಇನ್ನು ಅರ್ಧ ಗಂಟೆ!

ಅಷ್ಟರಲ್ಲಿ ಕೂಗು ಕೇಳಿ ಪಕ್ಕದ ಮನೆಯಿಂದ ಗಂಗಾಧರ ಬಂದ. ನೆಲದ ಮೇಲಿನ ಹರಳು ನೋಡಿದ, ತಮ್ಮನ ಹೆಂಡತಿಯ ಮುಖ ನೋಡಿದ, ಅರ್ಥ ಮಾಡಿಕೊಂಡ.

"ನೋಡಮ್ಮ, ನಿಮ್ಮ ಪಾಳಿ ನೀವು ದಾನ ಮಾಡ್ಕಳಿ, ಯಾರು ಬ್ಯಾಡ ಅಂದ್ರು? ಕಣ್ಣು ಕಾಣದ ಮುದುಕಿ ನೀರು ಕದ್ದು ಊರಿಗೆ ಒಳ್ಳೆಯವರಾಗೋದಾ? ಥೂ!"

"ಭಾವ, ನಾನು ನನಗೆ ಅಂತ ಒಂದು ಚೊಂಬು..."

"ಕದ್ದಿದ್ದು ಕದ್ದಿದ್ದೇ!" ಚಿಕ್ಕಗೌರಮ್ಮ ಗುಡುಗಿದಳು. "ಕೀ ಕೊಡು ಇತ್ಲಾಗೆ."

ಆಶಾ ಬಾಗಿಲ ಹಿಂದಿನ ಉದ್ದನೆಯ ಕಬ್ಬಿಣದ ಕೀ ತಂದುಕೊಟ್ಟಳು. ಮುದುಕಿ ಅದನ್ನೇ ಊರುಗೋಲು ಮಾಡಿಕೊಂಡು ತೋಟದ ಕಡೆ ನಡೆದಳು. ಆಶಾ ಹಿಂದೆಯೇ ಓಡಿದಳು, ಅವಳ ಹಿಂದೆ ಗಂಗಾಧರ.

ತೋಟದ ಬೇಲಿಯಾಚೆ, ತೊಂಬೆಯ ಬಳಿ ಹೆಂಗಸರು ಬಿಂದಿಗೆಗಳ ಜೊತೆ ಕಾಯುತ್ತ ಕೂತಿದ್ದರು. ಮುಂದೆ ನಿಂಗಮ್ಮ. ಮಗಳು ಆಸ್ಪತ್ರೆಯಲ್ಲಿ, ಹಸುಗೂಸು ಇವಳ ಮಡಿಲಲ್ಲಿ. ಚಿಕ್ಕಗೌರಮ್ಮ ಯಾರ ಕಡೆಗೂ ತಿರುಗದೆ ಗೇಟ್‌ವಾಲ್ ಗುಂಡಿಯ ಮುಂದೆ ಕುಕ್ಕರಿಸಿ, ಕೀ ತೂರಿಸಿ, ಪೂರಾ ಬಲ ಹಾಕಿ ತನ್ನ ಸಾಲಿನ ಕಡೆಗೆ ತಿರುಗಿಸಿದಳು. ಹತ್ತಕ್ಕೆ ಸರಿಯಾಗಿ ಕರೆಂಟು ಬಂತು. ಸ್ಟಾರ್ಟರ್ ಟಕ್ಕೆಂದಿತು. ಪೈಪು ಕೆಮ್ಮಿ, ಉಗುಳಿ, ನೀರು ಹಾಯತೊಡಗಿತು. ಮೊದಲನೆಯ ಪಾತಿಗೆ ಬಿದ್ದ ನೀರನ್ನು ನೆಲ ಬಂದಹಾಗೇ ಹೀರಿಕೊಂಡಿತು.

ಆಶಾಳ ಕೈಯಿಂದ ಒಂದೊಂದು ನಿಮಿಷವೂ ಸೋರಿಹೋಗುತ್ತಿತ್ತು. ತಡೆಯಲಾರದೆ ಅತ್ತೆಯ ಪಾದ ಹಿಡಿದುಕೊಂಡಳು.

"ಅತ್ತೆ, ನಾನು ಕದ್ದೆ, ತಪ್ಪಾಯ್ತು! ಕೇಳಿದ್ರೆ ನೀವು ಕೊಡಕಿಲ್ಲ ಅಂತ ಹೆದರಿ ಕದ್ದೆ. ಬೇಕಾದ್ರೆ ಹೊಡೀರಿ, ನನ್ನ ತವರಿಗೆ ಅಟ್ಟಿ... ಇವತ್ತೊಂದು ದಿನ..."

"ಕೇಳಿದ್ಯೇನೇ?" ಚಿಕ್ಕಗೌರಮ್ಮನ ದನಿ ಒಮ್ಮೆಲೇ ಒಡೆಯಿತು. "ಎರಡು ತಿಂಗಳು ಒಂದೇ ಸೂರಿನ ಕೆಳಗೆ ಇದ್ದೀವಿ. ಒಂದು ದಿನ ಬಂದು, ಅತ್ತೆ, ಹಿಂಗೈತೆ ಊರಿನ ಕಷ್ಟ, ನಿನ್ನ ನೀರು ಕೊಡು ಅಂತ ಕೇಳಿದ್ಯಾ? ಕೇಳಿದ್ರೆ ಇಲ್ಲ ಅಂತಿದ್ದೆ, ಹೌದು! ಬಯ್ಯುತಿದ್ದೆ. ಆದ್ರೂ ಕೇಳಬೇಕಿತ್ತು ಕಣೇ! ಮರ ನಂದು. ಇಲ್ಲ ಅನ್ನೋದಾದ್ರೂ ನನ್ನ ಪಾಲಿಗೆ ಇರಲಿಲ್ವಾ? ಬದುಕಿರುವಾಗಲೇ ನನ್ನ ಲೆಕ್ಕದಿಂದ ತೆಗೆದುಬುಟ್ಯಲ್ಲೇ... ಈ ಮರ ಹೋದ್ರೆ ನಾನ್ಯಾರು? ನಿಮ್ಮ ಮನೆ ಜಗಲಿ ಮೇಲೆ ಬಿದ್ದಿರೋ ಮುದುಕಿ!"

ಆಶಾ ಬಿಕ್ಕಿದಳು. ಇಷ್ಟು ದಿನ ಈ ಹೆಂಗಸಿನ ಗಡಸು ಬಾಯಿಯನ್ನು ಕಂಡಿದ್ದಳೇ ಹೊರತು ಅದರ ಹಿಂದಿನ ಭಯವನ್ನು ಕಂಡಿರಲಿಲ್ಲ. ಬೇಲಿಯ ಕಡೆ ಕೂಸು ಅಳತೊಡಗಿತು. ನೀರು ಎರಡನೆಯ ಪಾತಿಗೆ ಹರಿಯಿತು.

"ಈಗ ಕೇಳ್ತಾ ಇದ್ದೀನಿ ಅತ್ತೆ" ಎಂದಳು. "ನಿಮ್ಮ ನೀರು ಕೊಡಿ."

"ಇಲ್ಲ."

ಆಯಿತು. ಕೀ ಕಿತ್ತುಕೊಳ್ಳುವ ಬಲ ಆಶಾಳಿಗಿತ್ತು; ಆದರೆ ಕೈ ಏಳಲಿಲ್ಲ. ಕಣ್ಣೊರೆಸಿಕೊಂಡು ಅಲ್ಲೇ ಮಣ್ಣಿನ ಮೇಲೆ ಕೂತಳು. ಕಾಲು ಗಂಟೆ ಹೋಯಿತೋ ಏನೋ, ಚಿಕ್ಕಗೌರಮ್ಮ ತಲೆಯೆತ್ತಿ ಮಸುಕು ಆಕಾಶವನ್ನು ದಿಟ್ಟಿಸಿದಳು.

"ಈ ಮರದ ತಲೆ ಹೆಂಗೈತೆ? ಸುಳ್ಳು ಹೇಳಿದ್ರೆ ನಾಲಿಗೆ ಕಿತ್ತಾಕ್ತೀನಿ."

ಆಶಾ ಎದ್ದು ನೋಡಿದಳು. "ಹೋಗೈತೆ ಅತ್ತೆ. ಸುಳಿ ಒಣಗೈತೆ."

"ಇದು?"

"ಅದೂ... ಒಣಗೈತೆ."

ಮುದುಕಿ ಎದ್ದಳು. ಸೊಸೆಯ ಭುಜಕ್ಕೆ ಕೈಯಿಟ್ಟಳು; ಆಸರೆಗೋ, ಸುಳ್ಳು ಹೇಳಿದರೆ ಗೊತ್ತಾಗಲೆಂದೋ ತಿಳಿಯದು. ಇಬ್ಬರೂ ಒಂದೊಂದೇ ಮರದ ಬಳಿ ನಿಂತರು. ಆಶಾ ತಲೆಯೆತ್ತಿ ನೋಡಿ ಕಂಡಿದ್ದನ್ನು ಕಂಡಹಾಗೇ ಹೇಳುತ್ತ ಹೋದಳು. ಇದರ ಗರಿ ಜೋಲು ಬಿದ್ದಿದೆ, ಸುಳಿ ಇದೆ. ಇದರದು ಹೋಗಿದೆ. ಇದು ಬದುಕಬಹುದು. ಇದಿಲ್ಲ, ಅತ್ತೆ, ಇದಿಲ್ಲ... ಪ್ರತಿ ಬುಡದಲ್ಲೂ ಮುದುಕಿ ಅಂಗೈಯಿಂದ ತೊಗಟೆ ಸವರಿ ಏನೋ ಗೊಣಗುತ್ತಿದ್ದಳು. ಬದುಕಬಹುದಾದ ಮರಕ್ಕೆ ಎಲೆಯಡಿಕೆ ಚೀಲದ ಸುಣ್ಣ ತೆಗೆದು ಬೆರಳಿನಿಂದ ಗೆರೆ ಎಳೆದಳು. ಸಾಲಿನ ತುದಿಗೆ ಬಂದಾಗ ಸುಣ್ಣ ಬಿದ್ದಿದ್ದು ಐದೇ ಮರಕ್ಕೆ.

"ಐದು" ಎಂದಳು ಚಿಕ್ಕಗೌರಮ್ಮ. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಷ್ಟು ಗಟ್ಟಿ ಹೆಂಗಸು ಹಾಗೆ ನಿಂತಿದ್ದನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ. ಬೇಲಿಯಾಚೆಯ ಹೆಂಗಸರು ಬಿಂದಿಗೆ ಎತ್ತಿಕೊಂಡು ಹೋಗಲು ಎದ್ದರು, ನೋಡಲಾರದೆ.

"ಎಲ್ಲಿಗೆ ಹೊಂಟ್ರಿ?" ಸೆರಗಿನೊಳಗಿಂದಲೇ ಕೂಗಿದಳು. "ಆಶಾ, ನನ್ನ ಕರಕೊಂಡು ಹೋಗೇ ಗುಂಡಿ ತಾವ."

ಗಂಗಾಧರ ಅಡ್ಡ ಬಂದ. "ಅವ್ವ, ಬುಡು! ಐದು ಮರದಾಗೆ ನಿನ್ನ ಜೀವನ ನಡೀತದಾ? ಇನ್ನೆರಡು ಮಳೆ ಆದ್ರೆ ಒಂದಷ್ಟು ಚಿಗುರಬಹುದು."

"ಸುಳಿ ಒಣಗಿದ್ದು ಚಿಗುರಲ್ಲ ಕಣ್ಲಾ. ನಾನು ನೆಟ್ಟೋಳು, ನಂಗೆ ಗೊತ್ತು. ಈ ಐದಕ್ಕೆ ವಾರಕ್ಕೊಂದು ದಿನ ಅರ್ಧ ಗಂಟೆ ಸಾಕು. ಸತ್ತಿರೋ ಮರಕ್ಕೆ ನೀರು ಹುಯ್ಯುತಾ ಕೂತು, ಆ ಕೂಸಿಗೆ ಹೊಂಡದ ನೀರು ಕುಡಿಸಲಾ? ಕೋಪ ನನ್ನ ಸೊಸೆ ಮ್ಯಾಲೆ ಕಣೋ, ಊರ ಮ್ಯಾಲಲ್ಲ."

ಗಂಗಾಧರ "ನನ್ನ ಪಾಳಿಗೆ ಮಾತ್ರ ಯಾರೂ ಕೈ ಹಾಕಬ್ಯಾಡಿ" ಎಂದು ಗೊಣಗಿ ಹೊರಟುಹೋದ. ಚಿಕ್ಕಗೌರಮ್ಮ ಗುಂಡಿಯ ಮುಂದೆ ಕೂತು ಕೀ ತಿರುಗಿಸಿದಳು. ತಿರುಗಲಿಲ್ಲ. ಆಶಾ ಕೈ ಸೇರಿಸಿದಳು. ಕರಿ ಪೈಪು ಹೊರಳಾಡಿ ಬಿಗಿಯಿತು. ಒಂದು ಗಂಟೆಯ ನೀರು ಹೋಗಿತ್ತು, ಅರ್ಧ ಗಂಟೆಯದು ಉಳಿದಿತ್ತು. ಮನೆಗೆರಡು ಬಿಂದಿಗೆಯಾಯಿತು. ಮೊದಲ ಬಿಂದಿಗೆ ನಿಂಗಮ್ಮನಿಗೆ.

ಆಶಾ ಕೀಗೆ ಕೈ ಚಾಚಿದಾಗ ಮುದುಕಿ ಕೊಡಲಿಲ್ಲ. "ನನ್ನ ತಾವೇ ಇರಲಿ. ನನ್ನ ಪಾಳಿ ಬಂದಾಗ ಬಂದು ಕೇಳು."

ಸಂಜೆ ಭೀಮರಾಜು ಬಂದು ಎಲ್ಲ ಕೇಳಿ ಮಂಕಾಗಿ ಕೂತಿದ್ದ. ಆಶಾ ಮುದ್ದೆಗೆ ಎಸರಿಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಒಲೆ ಹೊತ್ತಿದ ಸದ್ದಿಲ್ಲ, ಹೊಗೆಯಿಲ್ಲ. ಹೋಗಿ ಕರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು? ಕರೆದರೆ ಕನಿಕರ ಎಂದು ಮುದುಕಿ ಇನ್ನಷ್ಟು ನೊಂದುಕೊಂಡರೆ? ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬರುವ ಹೆಜ್ಜೆ ಕೇಳಿತು. ಚಿಕ್ಕಗೌರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ತನ್ನ ಗಂಗಳ. ತೋಟ ಪಾಲಾದ ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಆ ಹೊಸ್ತಿಲಿಗೆ ಅವಳು ತಟ್ಟೆ ಹಿಡಿದು ಬಂದಿರಲಿಲ್ಲ.

"ಆಶಾ..." ಎಂದಳು. ಗಂಗಳವನ್ನು ಮುಂದಕ್ಕೆ ಚಾಚಿದಳು. ಮತ್ತೆ ಹೇಳಿದಳು, ಈ ಸಲ ಸ್ಪಷ್ಟವಾಗಿ. "ನಂಗೂ ಒಂದು ಮುದ್ದೆ ಇಕ್ಕುತೀಯೇನೇ?"

ಆಶಾ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು, ಗಂಗಳವನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಅತ್ತೆಯನ್ನು ಒಲೆಯ ಪಕ್ಕ ಮಣೆಯ ಮೇಲೆ ಕೂರಿಸಿ, ಬಿಸಿ ಮುದ್ದೆ ಇಕ್ಕಿ, ಸಾರು ಹುಯ್ದಳು. ಮುದುಕಿ ತುತ್ತು ಮುರಿದು ನುಂಗಿ, ಉಪ್ಪು ಕಮ್ಮಿಯಾಗಿದೆ ಎಂದಳು.